ತಾಟಿನ ಅಕ್ಕಿಯಲ್ಲಿ ಅಳಿದ ಹೆಸರು

ಅರವತ್ತರ ದಶಕದ ಆರಂಭದಲ್ಲಿ ಅಜ್ಜಿ ತೀರಿಕೊಂಡಳು. ತವರಿಗೆ ಸುದ್ದಿ ಮುಟ್ಟಿಸೋಣವೆಂದರೆ, ಅವಳ ತವರಿನವರು ಯಾರೆಂದು ಇಚಲಕರಂಜಿಯ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ! ಊರು ನೂಲ ಎಂದಷ್ಟೇ ಗೊತ್ತು. ಎತ್ತಿನ ಮೇಲೆ ಕೂತು ಬಂದು ನಮ್ಮ ವಂಶಾವಳಿ ಓದುತ್ತಿದ್ದ ಹೆಳವನ ಹೊತ್ತಿಗೆಯಲ್ಲಿ ಏಳು ತಲೆಮಾರಿನ ಗಂಡಸರಿದ್ದರು. ಅಜ್ಜಿ ಇರಲಿಲ್ಲ.

ನಾನೇ ಗಡಹಿಂಗ್ಲಜದ ಬಸ್ಸು ಹಿಡಿದು, ಅಲ್ಲಿಂದ ನೂಲಕ್ಕೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳಿಗೆ ಅಜ್ಜಿಯ ಹೆಸರು ಹೇಳಿದೆ.

“ಆ ಹೆಸರಿನಾಕಿ ಈ ಊರಾಗ ಯಾರೂ ಹುಟ್ಟಿಲ್ಲ ತಮ್ಮಾ. ಅದು ಗಂಡನ ಮನ್ಯಾಗ ಇಟ್ಟಿದ್ದಿರಬೇಕು. ತೊಟ್ಟಿಲದಾಗ ಇಟ್ಟ ಹೆಸರು ಹೇಳು, ಗುರುತು ಹಿಡೀತೇನಿ.”

ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುವುದು ನಮ್ಮ ಮನೆತನದ ಪದ್ಧತಿ. ಆಮೇಲೆ ಹಳೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ನನ್ನ ಹೆಂಡತಿಗೂ ನಾನು ನಗುನಗುತ್ತ ಹಾಗೇ ಬರೆದವನು. ಆದರೂ ಇದು ನನ್ನ ಮಂದ ತಲೆಗೆ ಹೊಳೆದಿರಲಿಲ್ಲ.

ಮರಳುವ ಬಸ್ಸಿನಲ್ಲಿ ನೆನಪಾಯಿತು. ಕೊನೆಯ ಎರಡು ದಿನ ಅಜ್ಜಿ ಜ್ವರದಲ್ಲಿ ಒಂದೇ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

“ಯಾರನ್ನ ಕರೀತೀರಿ ಅತ್ತಿ? ಆ ಹೆಸರಿನವರು ಈ ಮನ್ಯಾಗ ಯಾರೂ ಇಲ್ಲರೀ” ಎಂದು ಅವ್ವ ಬೇಸತ್ತು ಹೇಳಿದ್ದಳು. ಅಜ್ಜಿ ಯಾರನ್ನೂ ಕರೆಯುತ್ತಿರಲಿಲ್ಲವೆಂದು ಈಗ ಹೊಳೆಯಿತು.

ನಾನು ಅವಳ ತಲೆದಿಂಬಿನ ಪಕ್ಕದಲ್ಲೇ ಕೂತಿದ್ದೆ. ಇಚಲಕರಂಜಿ ಮುಟ್ಟುವವರೆಗೂ ತಿಣುಕಿದೆ. ಆ ಹೆಸರು ನೆನಪಿಗೆ ಬರಲೇ ಇಲ್ಲ.