ಹತ್ತು ವರದಿಗಳಲ್ಲಿ ಹನ್ನೊಂದನೆಯ ಮಾತು ಹುಡುಕಿದ ಕತ್ತರಿ ಅಕ್ಕ

ಸುದ್ದಿಮನೆಯಲ್ಲಿ ಬರೆದವರ ಹೆಸರು ಉಳಿಯುತ್ತದೆ. ಬರೆದದ್ದನ್ನು ಜೋಪಾನ ಮಾಡಿದವರನ್ನು ನೆನೆಯುವವರು ಕಡಿಮೆ. ಮೂವತ್ತನಾಲ್ಕು ವರ್ಷ ಪತ್ರಿಕೆಯಲ್ಲಿ ಹಳೆಯ ಸುದ್ದಿಗಳನ್ನು ಕಾಪಿಡುವ ಆಕರ ವಿಭಾಗವನ್ನು ನಡೆಸಿ ಈಗ ನಿವೃತ್ತರಾಗುತ್ತಿರುವ, ಸಹೋದ್ಯೋಗಿಗಳೆಲ್ಲರ ಪಾಲಿನ 'ಕತ್ತರಿ ಅಕ್ಕ' ಮಾತ್ರ ಇದಕ್ಕೆ ಅಪವಾದ.

ದಿನಕ್ಕೆ ಹನ್ನೊಂದು ಪತ್ರಿಕೆ ಓದಿ, ಒಂದೇ ಘಟನೆಯ ಬೇರೆ ಬೇರೆ ವರದಿಗಳನ್ನು ಕತ್ತರಿಸಿ ಎದುರುಬದುರು ಅಂಟಿಸುವುದು ಅವರದೇ ಪದ್ಧತಿ. ಸುದ್ದಿ ಅಂತರ್ಜಾಲಕ್ಕೆ ಹೋದಾಗ ಕಡತಗಳು ಗೋದಾಮು ಸೇರಿದವು. ಅಕ್ಕ ಕಂಪ್ಯೂಟರಿನ ಮುಂದೆ ಕೂತರು. ಓದುಗರಿಗೆ ಸಂಬಂಧಪಟ್ಟ ಸುದ್ದಿ ಸೂಚಿಸುವ ತಂತ್ರಾಂಶವನ್ನು ಪತ್ರಿಕೆಯ ಇಂಜಿನಿಯರ್ ಹುಡುಗಿ ಹೆಮ್ಮೆಯಿಂದ ತೋರಿಸಿದಳು; ಒಂದು ಸುದ್ದಿಯ ಕೆಳಗೆ ಅದು ಹತ್ತು ವರದಿ ಜೋಡಿಸಿತ್ತು.

"ಹತ್ತೂ ಒಂದೇ ಅಲ್ವೇನಮ್ಮ? ಇದರಲ್ಲೆಲ್ಲ ಮಾತಾಡಿರೋರು ಯಾರು ಅಂತ ಇದಕ್ಕೆ ಗೊತ್ತಾಗುತ್ತಾ?"

"ಪದ ಗೊತ್ತಾಗುತ್ತೆ ಅಕ್ಕ. ಮನುಷ್ಯರು ಗೊತ್ತಾಗಲ್ಲ."

"ಹಾಗಾದ್ರೆ ಕಲಿಸೋಣ ಬಾ."

ಮೂರು ವರ್ಷ, ಒಂಬತ್ತು ಸಾವಿರ ವರದಿ. ಅಧಿಕಾರಿಯ ಮಾತು ಯಾವುದು, ಮಾಲೀಕರದು ಯಾವುದು, ನೋವುಂಡವರದು ಯಾವುದು ಎಂದು ಸಾಲುಸಾಲಿಗೂ ಅಕ್ಕ ಗುರುತು ಹಾಕಿದರು. ಹುಡುಗಿ ಬಸುರಿಯಾದಾಗ ತಮ್ಮ ಮೆತ್ತನೆಯ ಕುರ್ಚಿಯನ್ನು ಅವಳತ್ತ ತಳ್ಳಿ, ಐದು ತಿಂಗಳು ತಾವು ಸ್ಟೂಲಿನ ಮೇಲೆ ಕೂತರು.

ತಂತ್ರಾಂಶ ಚಾಲನೆಗೆ ಬಂದ ಎರಡನೇ ವಾರವೇ ಪತ್ರಿಕೆಯನ್ನು ಪೇಚಿಗೆ ಸಿಲುಕಿಸಿತು. ನದಿದಡದ ಮನೆಗಳ ತೆರವಿನ ಬಗ್ಗೆ ಪತ್ರಿಕೆಯ ಹಿರಿಯ ವರದಿಗಾರರು 'ನಿವಾಸಿಗಳು ಸ್ವಇಚ್ಛೆಯಿಂದ ತೆರಳಿದರು' ಎಂದು ಬರೆದಿದ್ದರು. ಅದರ ಕೆಳಗೇ ತಂತ್ರಾಂಶ ಸಣ್ಣ ಜಾಲತಾಣವೊಂದರ ವರದಿಯನ್ನು ತಂದಿಟ್ಟಿತು: ಹೊಲಿಗೆ ಯಂತ್ರ ಹೊರತೆಗೆಯಲೂ ಬಿಡಲಿಲ್ಲವೆಂದು ದರ್ಜಿಯೊಬ್ಬರು ಅಲ್ಲಿ ಹೇಳಿದ್ದರು.

"ನಮ್ಮ ಸುದ್ದಿ ಕೆಳಗೇ ನಮ್ಮನ್ನ ಸುಳ್ಳರು ಅನ್ನಿಸೋದಾ? ತೆಗೀರಿ ಅದನ್ನ," ಎಂದರು ಸಂಪಾದಕರು.

ವರದಿಗಾರರು ಇಪ್ಪತ್ತು ವರ್ಷ ಅಕ್ಕನೊಡನೆ ಊಟದ ಡಬ್ಬಿ ಹಂಚಿಕೊಂಡವರು. ಆದರೂ ಅಕ್ಕ ಅಂದರು: "ತೆಗೆಯೋದು ಒಂದು ನಿಮಿಷದ ಕೆಲಸ ಸರ್. ಸಂಜೆವರೆಗೆ ಬಿಡಿ, ನಾನೂ ಇವನೂ ಹೋಗಿ ಕೇಳ್ಕೊಂಡು ಬರ್ತೀವಿ."

ಇಬ್ಬರೂ ಬಸ್ಸು ಹತ್ತಿದರು. ಮನೆ ಕಳೆದುಕೊಂಡವರು ತಂಗಿದ್ದ ಶಾಲೆಯ ಜಗಲಿಯಲ್ಲಿ ದರ್ಜಿ ಬರಿಗೈಯಲ್ಲಿ ಕೂತಿದ್ದರು. ಅವರ ಕಥೆ ಕೇಳಿದ ವರದಿಗಾರರು ತಲೆತಗ್ಗಿಸಿದರು. "ಇಲಾಖೆಯೋರು ಫೋನಲ್ಲಿ ಹೇಳಿದ್ದನ್ನೇ ಬರೆದುಬಿಟ್ಟೆ ಕಣಕ್ಕ."

"ಈಗ ಬಂದಿದ್ದೀಯಲ್ಲ, ಬರ್ಕೋ," ಎಂದು ಅಕ್ಕ ತಮ್ಮ ಪೆನ್ನು ಕೊಟ್ಟರು.

ಅಂದು ಸಂಜೆ ತಿದ್ದುಪಡಿ ವರದಿಗಾರರ ಹೆಸರಿನಲ್ಲೇ ಬಂತು. ಸಣ್ಣ ಜಾಲತಾಣದ ವರದಿಯೂ ಕೆಳಗೆ ಉಳಿಯಿತು. ಹನ್ನೊಂದನೇ ದಿನಕ್ಕೆ ಇಲಾಖೆಯಿಂದ ದರ್ಜಿಗೆ ಹೊಲಿಗೆ ಯಂತ್ರ ಸಿಕ್ಕಿತು. ಪತ್ರಿಕೆಯ ಕಚೇರಿಗೇ ಬಂದು, "ನನ್ನ ಮಾತು ಹುಡುಕಿದ್ದು ಯಾರು?" ಎಂದು ಅವರು ಕೇಳಿದಾಗ ಅಕ್ಕ ಇಂಜಿನಿಯರ್ ಕಡೆ ಕೈ ತೋರಿದರು; ಇಂಜಿನಿಯರ್ ಅಕ್ಕನ ಕಡೆ ತೋರಿದಳು. ಸಂಪಾದಕರು ಎದ್ದು ನಿಂತು ಚಹಾ ತರಿಸಿದರು.

ಅಕ್ಕನ ಕಣ್ಣು ಇನ್ನೂ ಬಹುಕಾಲ ಚುರುಕಾಗಿರಲಿ, ಆರೋಗ್ಯ ಗಟ್ಟಿಯಾಗಿರಲಿ, ಬೆಳಗ್ಗೆ ವರದಿ ಓದಿದೊಡನೆ ಫೋನು ಹಚ್ಚಿ, "ಆ ಕಡೆಯೋರನ್ನ ಕೇಳಿದ್ರೇನ್ರೋ?" ಎಂದು ಗದರುವ ಆ ದನಿ ಸುದ್ದಿಮನೆಗೆ ತಪ್ಪದೆ ಕೇಳುತ್ತಿರಲಿ.