ಬಿಳಿ ಗಾದಿಯ ಮೇಲೆ ಇಟ್ಟ ಚೈನು

ಸ್ವಪ್ನಳಿಗೆ ಹನ್ನೊಂದು ದಿನದ ಕೂಲಿ ಬರಬೇಕು. ಬಂದಿಲ್ಲ. ಚಳ್ಳಕೆರೆಯ ಸೀರೆ ಅಂಗಡಿ ಮರುಳಪ್ಪ ಅದನ್ನು ಹಿಡಿದಿಟ್ಟುಕೊಂಡು ಎರಡು ತಿಂಗಳಾಯಿತು. ಆ ಹನ್ನೊಂದು ದಿನವೂ ಅವಳು ಅಂಗಡಿಯ ಬೈಕಿನಲ್ಲಿ ಮೊಳಕಾಲ್ಮುರಿಗೆ ರೇಷ್ಮೆ ಸಾಗಿಸಿದ್ದಾಳೆ, ನೇಕಾರರ ಮನೆಮನೆಗೆ ಹಂಚಿದ್ದಾಳೆ, ನೇಯ್ದ ಸೀರೆ ಕಟ್ಟಿಕೊಂಡು ವಾಪಸು ಬಂದಿದ್ದಾಳೆ. ಇದನ್ನು ಮರುಳಪ್ಪನೂ ಅಲ್ಲಗಳೆಯುವುದಿಲ್ಲ. ಆದರೂ ಕೊಡುವುದಿಲ್ಲ. ಯಾಕೆಂದು ಕೇಳಿದರೆ ತುಂಡಾದ ಒಂದು ಚೈನಿನ ಮಾತು ತೆಗೆಯುತ್ತಾನೆ. ಆ ಚೈನಿನ ವಿಷಯ ಹೇಳಬೇಕೆಂದರೆ ಮೊದಲು ಪೆದ್ದಣ್ಣನ ವಿಷಯ ಹೇಳಬೇಕು.

ಪೆದ್ದಣ್ಣ ಮೊಳಕಾಲ್ಮುರಿನ ನೇಕಾರರ ಬೀದಿಯವನು. ಹನ್ನೆರಡನೇ ವಯಸ್ಸಿಗೆ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟವನು ನಲವತ್ತಕ್ಕೆ ಮೇಲೆತ್ತಿದ. ಪವರ್‌ಲೂಮ್ ಸೀರೆಗೆ ಕೈಮಗ್ಗದ ಚೀಟಿ ಅಂಟಿಸಿ ಮಾರುವವರು ಹೆಚ್ಚಿದ ಮೇಲೆ ಅವನ ಸೀರೆಯನ್ನು ಕೇಳುವವರೇ ಇಲ್ಲವಾದರು. ಆಗ ಅದೇ ಬೀದಿಯ ನೇಕಾರರಾದ ನಾವೆಲ್ಲ ತಾಲ್ಲೂಕು ಕಚೇರಿಯ ಮುಂದೆ ನಲವತ್ತು ದಿನ ಕೂತೆವು. ನಮ್ಮ ಮನವಿ ತೆಗೆದುಕೊಂಡ ಸಾಹೇಬರು ಸೆಖೆಯಾಗುತ್ತಿದೆಯೆಂದು ಅದನ್ನೇ ಮಡಚಿ ಗಾಳಿ ಬೀಸಿಕೊಂಡರು. ನಲವತ್ತೊಂದನೇ ದಿನ ಪೆದ್ದಣ್ಣ ಮನೆಗೆ ಹೋದವನೇ ಮಗ್ಗ ಬಿಚ್ಚಿ, ಮರ ಮಾರಿ, ಪಾನಾ ಸೆಟ್ ಕೊಂಡ. ಎರಡು ವರ್ಷ ಇನ್ನೊಬ್ಬರ ಗ್ಯಾರೇಜಿನಲ್ಲಿ ಕೆಲಸ ಕಲಿತು, ಬಸ್ಸು ಓಡಾಡುವ ರಸ್ತೆಯ ಬದಿಗೆ ತಗಡಿನ ಶೆಡ್ ಹಾಕಿದ. ಬೈಕು ರಿಪೇರಿ ಮಾಡುತ್ತಾನೆ. ಕೈ ಮಾತ್ರ ನೇಕಾರನದ್ದೇ ಉಳಿಯಿತು. ಬ್ರೇಕಿನ ತಂತಿಯನ್ನು ಎರಡು ಬೆರಳ ನಡುವೆ ಹಿಡಿದು ಕಣ್ಣು ಮುಚ್ಚಿದರೆ ಸಾಕು, ಎಷ್ಟು ಸಡಿಲ ಎಂದು ಹೇಳುತ್ತಾನೆ.

ಶ್ರಾವಣ ಕಳೆದ ಒಂದು ಬೆಳಿಗ್ಗೆ ಸ್ವಪ್ನ ಬೈಕು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಪಕ್ಕದ ಬೀದಿಯ ಗೋವಿಂದಮ್ಮನ ಮಗಳು, ಪೆದ್ದಣ್ಣನ ಕಣ್ಣೆದುರಿಗೇ ಬೆಳೆದವಳು.

"ಮಾವ, ಚೈನು ಟಕಟಕ ಅಂತೈತೆ. ಒಂದ್ಸಲ ಜೋತು ಬೀಳ್ತೈತೆ, ಒಂದ್ಸಲ ಎಳೆದಾಡ್ತೈತೆ. ಒಂದೇ ಥರ ಇರಲ್ಲ."

"ನಿಮ್ಮ ಸಾವ್ಕಾರ್ರ ಗಾಡಿ ಅಲ್ಲೇನಮ್ಮಾ? ಅವರ ಬುದ್ಧೀನೇ ಬಂದೈತೆ ಬಿಡು."

ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತ, ಕೆಳಗಿನ ಚೈನನ್ನು ಬೆರಳಿನಿಂದ ಎತ್ತೆತ್ತಿ ನೋಡಿದ. ಒಂದು ಜಾಗದಲ್ಲಿ ಎರಡು ಇಂಚು ಜೋಲುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಕೋಲಿನ ಹಾಗೆ ಬಿಗಿದುಕೊಳ್ಳುತ್ತಿತ್ತು. ಕೆಲವು ಕೊಂಡಿ ಸವೆದು ಉದ್ದವಾಗಿದ್ದವು, ಕೆಲವು ತುಕ್ಕು ಹಿಡಿದು ಮಡಚುತ್ತಲೇ ಇರಲಿಲ್ಲ.

"ಇದರ ಕತೆ ಮುಗೀತು. ಚೈನು, ಮುಂದಿನ ಹಲ್ಲಿನ ಚಕ್ರ, ಹಿಂದಿಂದು, ಪೂರಾ ಸೆಟ್ಟೇ ಹೊಸದು ಬೇಕು. ಹಚ್ಚು ಫೋನು."

ಮರುಳಪ್ಪನ ದನಿ ಶೆಡ್ಡಿಗೆಲ್ಲ ಕೇಳಿಸಿತು. "ಲೇ ಪೆದ್ದಣ್ಣ, ನಿಂಗೆ ಹೊಸದು ಹಾಕೋ ಚಟ ಕಣಲೇ. ದೀಪಾವಳಿ ವ್ಯಾಪಾರ ಕಳೀಲಿ. ಈಗ ಬಿಗಿ ಮಾಡಿ ಕಳ್ಸು."

"ಬಿಗಿ ಮಾಡಿದ್ರೆ ನಿಲ್ಲಲ್ರಿ ಸಾವ್ಕಾರ್ರೆ."

"ನಿಂತ್ಕಂತೈತೆ. ನಿಂಗಾಗಲ್ಲ ಅಂದ್ರೆ ಹೇಳು, ಐದೂ ಗಾಡಿ ಬೇರೆ ಕಡೆ ಬಿಡ್ತೀನಿ."

ಅಂಗಡಿಯ ಐದು ಗಾಡಿಯೆಂದರೆ ಪೆದ್ದಣ್ಣನ ಅರ್ಧ ಕೆಲಸ. ಪಾನಾ ಕೈಗೆತ್ತಿಕೊಂಡ.

ಇಲ್ಲಿ ಅವನು ತಪ್ಪು ಮಾಡಿದ. ನಮ್ಮವನೆಂದು ನಾನು ಮುಚ್ಚಿಡುವುದಿಲ್ಲ. ಮಗ್ಗದಲ್ಲಿ ಹಾಸಿನ ಸಾವಿರಾರು ಎಳೆಗಳಲ್ಲಿ ನಾಲ್ಕು ಸಡಿಲವಾದರೆ ಆ ನಾಲ್ಕನ್ನೇ ಹುಡುಕಿ ಎಳೆದು ಕಟ್ಟುತ್ತಾರೆ. ಬಿಗಿಯಾಗಿರುವ ಎಳೆಯ ತಂಟೆಗೆ ಹೋಗುವುದಿಲ್ಲ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ ಕೈ ಇಲ್ಲಿಯೂ ಅದನ್ನೇ ಮಾಡಿತು. ಎಲ್ಲಕ್ಕಿಂತ ಸಡಿಲವಾದ ಜಾಗವನ್ನು ಕೆಳಗೆ ತಂದು, ಅಲ್ಲಿ ಸರಿಹೋಗುವಷ್ಟು ಎಳೆದ. ಆದರೆ ಚೈನಿನಲ್ಲಿ ಸಾವಿರ ಎಳೆ ಇಲ್ಲ, ಇರುವುದು ಒಂದೇ. ಸಡಿಲ ಜಾಗವನ್ನು ಎಳೆದರೆ ಮೊದಲೇ ಬಿಗಿದಿದ್ದ ಜಾಗದ ಉಸಿರೇ ಕಟ್ಟುತ್ತದೆ. ಅಳತೆ ನೋಡಬೇಕಾದದ್ದು ಅತಿ ಬಿಗಿಯಾದ ಜಾಗದಲ್ಲಿ. ಅಲ್ಲಿ ಒಂದು ಇಂಚು ಆಡುವಂತೆ ಬಿಟ್ಟು, ಉಳಿದ ಕಡೆ ಜೋತರೆ ಜೋಲಲಿ ಎನ್ನಬೇಕಿತ್ತು.

ಹನ್ನೊಂದನೇ ದಿನ ಸಿದ್ದಾಪುರದ ತಿರುವಿನ ಹತ್ತಿರ ಚೈನು ತುಂಡಾಗಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಚಕ್ರ ಅಲ್ಲೇ ಕಚ್ಚಿ ನಿಂತಿತು. ಸ್ವಪ್ನಳ ಎಡಗೈ ಮಣಿಕಟ್ಟು ಮುರಿಯಿತು. ಚೀಲ ಹರಿದು ಮೂರು ಸೀರೆ ಟಾರಿಗೆ ಉಜ್ಜಿಹೋದವು. ಕುರಿ ಕಾಯುವವರು ಎತ್ತಿ ಕೂರಿಸಿ ಅಂಗಡಿಗೆ ಫೋನು ಮಾಡಿದರೆ, ಮರುಳಪ್ಪ ಕೇಳಿದ ಮೊದಲ ಮಾತು: "ಸೀರೆ ಎಷ್ಟು ಹಾಳಾದವು?" ಎರಡನೆಯದು: "ಹೆಣ್ಮಗಳ ಕೈಗೆ ಗಾಡಿ ಕೊಟ್ಟಿದ್ದೇ ನನ್ನ ತಪ್ಪು." ಅಡ್ಡಾದಿಡ್ಡಿ ಓಡಿಸಿ ಬಿದ್ದಳೆಂದು ತಾನೇ ತೀರ್ಪು ಕೊಟ್ಟು, ಸೀರೆಯ ಲೆಕ್ಕಕ್ಕೆ ಕೂಲಿ ಮುರಿದುಕೊಂಡ.

ಬೈಕನ್ನು ಶೆಡ್ಡಿಗೆ ತಂದದ್ದು ಪೆದ್ದಣ್ಣನೇ. ತುಂಡಾದಲ್ಲಿ ಬೇರೆ ಕೊಂಡಿ ಹಾಕಿ ಜೋಡಿಸಿ, ಚಕ್ರ ತಿರುಗಿಸಿ, ಬಿಗಿಯಾದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತ ಹೋದ. ಗುರುತಿದ್ದ ಕಡೆ ಚೈನು ಒಂದು ಕೂದಲೆಳೆಯಷ್ಟೂ ಆಡಲಿಲ್ಲ. ಪಕ್ಕದಲ್ಲಿದ್ದ ನನ್ನ ಮುಖ ನೋಡಿ ಹಾಗೇ ನೆಲಕ್ಕೆ ಕೂತ.

"ನಾನೇ ಮಾಡ್ದೆ ಕಣಪ್ಪ. ಮಗ್ಗ ಅಂದ್ಕಂಡು ಎಳೆದೆ."

"ಹೌದು, ನೀನೇ ಮಾಡ್ದೆ. ಈಗೇನ್ ಮಾಡ್ತೀಯ ಹೇಳು," ಎಂದೆ. ಸಮಾಧಾನ ಹೇಳುವ ಹೊತ್ತು ಅದಾಗಿರಲಿಲ್ಲ.

ಮರುದಿನ ಚೈನು ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಕೈಗೆ ಪಟ್ಟಿ ಕಟ್ಟಿಕೊಂಡ ಸ್ವಪ್ನಳೂ ನಾನೂ ಜೊತೆಗೆ ಚಳ್ಳಕೆರೆ ಬಸ್ಸು ಹತ್ತಿದೆವು. ಅಂಗಡಿಯಲ್ಲಿ ಮಂಜುಳಮ್ಮ ಎಂಬ ಮನೆತನಸ್ಥ ಹೆಂಗಸು ಮಗಳ ಮದುವೆಗೆ ಸೀರೆ ಆರಿಸುತ್ತಿದ್ದರು. ಪೆದ್ದಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದವನೇ, ಸೀರೆ ಹರಡುವ ಬಿಳಿ ಗಾದಿಯ ಮೇಲೆ ಚೈನು ಸುರಿದ. ಕರಿ ಗ್ರೀಸು ಬಟ್ಟೆಗೆ ಹತ್ತಿತು.

"ಏಯ್, ಗಾದಿ! ಗಾದಿ ಹಾಳು ಮಾಡ್ದೆಯಲ್ಲೋ!"

"ಹುಡುಗಿ ಕೈ ಮುರ್ದಾಗ ಇಷ್ಟು ಕೂಗಿಲ್ಲ ನೀವು. ನೋಡ್ರಿ ಇಲ್ಲಿ." ಪೆದ್ದಣ್ಣ ಚೈನನ್ನು ಎರಡೂ ಕೈಯಲ್ಲಿ ಎತ್ತಿದ. ಅರ್ಧ ಚೈನು ಹಗ್ಗದ ಹಾಗೆ ಜೋತುಬಿತ್ತು. ಸುಣ್ಣದ ಗುರುತಿದ್ದ ಅರ್ಧ ಸೊಟ್ಟ ಕಡ್ಡಿಯಂತೆ ಸೆಟೆದು ನಿಂತಿತು. "ಇದನ್ನ ಬದಲಾಯಿಸ್ಬೇಕು ಅಂತ ನಾನು ಫೋನಲ್ಲಿ ಅಂದೆ. ಬಿಗಿ ಮಾಡು ಅಂದ್ರಿ ನೀವು. ನಾನು ತಪ್ಪು ಜಾಗದಾಗೆ ಬಿಗಿ ಮಾಡ್ದೆ. ಈ ಹುಡುಗಿ ಓಡ್ಸಿದ್ರಾಗೆ ತಪ್ಪಿಲ್ಲ. ಅವಳ ಕೂಲಿ ಕೊಡ್ರಿ."

ಮರುಳಪ್ಪನ ಮುಖ ಅರಳಿತು. "ಕೇಳಿದ್ರಾ ಎಲ್ರೂ? ತಾನೇ ಒಪ್ಕಂಡ! ಹಂಗಾದ್ರೆ ಸೀರೆ ದುಡ್ಡು ನೀನೇ ಕಟ್ಟಲೇ."

"ನನ್ನ ಪಾಲು ನಾನು ಕಟ್ತೀನ್ರಿ. ಆಸ್ಪತ್ರೆ ಖರ್ಚೆಲ್ಲಾ ನಂದೇ. ನಿಮ್ಮ ಪಾಲು ಎಲ್ಲೈತೆ?"

"ನನ್ನ ಪಾಲಾ? ನಾನೇನ್ ಪಾನಾ ಹಿಡ್ದಿದ್ನಾ?"

ಸ್ವಪ್ನ ಪಟ್ಟಿ ಕಟ್ಟಿದ ಕೈಯನ್ನು ಗಾದಿಯ ಮೇಲಿಟ್ಟಳು. "ನಾನೂ ಹಿಡ್ದಿರ್ಲಿಲ್ಲ ಸಾವ್ಕಾರ್ರೆ," ಎಂದಳು. "ಮತ್ತೆ ನನ್ನ ಕೂಲಿ ಯಾಕೆ ಹಿಡ್ಕಂಡೀರಿ?"

ಮರುಳಪ್ಪ ಗಾದಿಗೆ ಹತ್ತಿದ ಗ್ರೀಸು ಉಜ್ಜತೊಡಗಿದ. ಇಂಥವರಿಗೆ ಉತ್ತರ ಬೇಕಾಗುವುದಿಲ್ಲ. ಮಂಜುಳಮ್ಮ ಎಲ್ಲವನ್ನೂ ನೋಡಿದರು, ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಗ್ರೀಸು ತಾಗದ ಕಡೆಗೆ ಸರಿದು ಕೂತು, "ಆ ಹಸಿರಂಚಿಂದು ತೋರ್ಸ್ರಿ," ಎಂದರು. ನಮ್ಮನ್ನು ಹೊರಗೆ ಕಳಿಸಲು ಆ ಒಂದು ಮಾತೇ ಸಾಕಾಯಿತು.

ಸ್ವಪ್ನಳ ಕೆಲಸ ಹೋಯಿತು. ಐದೂ ಗಾಡಿ ಈಗ ಬೇರೆ ಗ್ಯಾರೇಜಿಗೆ ಹೋಗುತ್ತವೆ. ಬಿದ್ದ ಬೈಕಿಗೆ ಮರುಳಪ್ಪ ಅದೇ ವಾರ ಹೊಸ ಚೈನು ಸೆಟ್ ಹಾಕಿಸಿದ, ದೀಪಾವಳಿ ಕಾಯಲಿಲ್ಲ. ಪೆದ್ದಣ್ಣ ಹಳೆಯ ಚೈನನ್ನು ಶೆಡ್ಡಿನ ಮೊಳೆಗೆ ನೇತುಹಾಕಿದ್ದಾನೆ. ಯಾರ ಬೈಕು ಬಂದರೂ ಚಕ್ರವನ್ನು ಪೂರ್ತಿ ತಿರುಗಿಸಿ, ಅತಿ ಬಿಗಿಯಾದ ಜಾಗ ಸಿಗುವವರೆಗೆ ಪಾನಾ ಮುಟ್ಟುವುದಿಲ್ಲ. ಅವಸರ ಮಾಡುವವರಿಗೆ ಮೊಳೆ ತೋರಿಸುತ್ತಾನೆ. ತನ್ನ ತಪ್ಪನ್ನು ತಲೆಯ ಮೇಲೇ ನೇತುಹಾಕಿಕೊಂಡು ದುಡಿಯುವ ಮನುಷ್ಯ ಅವನು. ಅಂಗಡಿಯವನ ತಲೆಯ ಮೇಲೆ ತಿರುಗುವ ಫ್ಯಾನು ಮಾತ್ರ ಇದೆ.

ಸೋಮವಾರ ಹತ್ತು ಗಂಟೆಗೆ ನಾವು ಮತ್ತೆ ಆ ಅಂಗಡಿಯ ಮುಂದೆ ಇರುತ್ತೇವೆ. ಮದುವೆಯ ಕಾಲ ಬಂತು, ಸೀರೆ ಕೊಳ್ಳಲು ನೀವು ಅಲ್ಲಿಗೆ ಬಂದೇ ಬರುತ್ತೀರಿ. ಬನ್ನಿ. ಆದರೆ ಹಸಿರಂಚಿನ ಸೀರೆ ತೋರಿಸಿ ಎನ್ನುವ ಮೊದಲು, ಗಾದಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿ: ಸ್ವಪ್ನಳ ಹನ್ನೊಂದು ದಿನದ ಕೂಲಿ ಕೊಟ್ಟಿರಾ? ಕೊಟ್ಟಿಲ್ಲ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ನಮ್ಮ ಜೊತೆ ನಿಲ್ಲಿ.