ಮುರುಗೇಶಪ್ಪ ಹೇಳಿದ ದಾರಿ
ಒಂದು ದಿನದ ಮಟ್ಟಿಗೆ ಚನ್ನಗಿರಿ ನೋಡಲು ಬಂದವರು ಬಾಡಿಗೆ ಸೈಕಲ್ ಅಂಗಡಿಯ ಮುರುಗೇಶಪ್ಪನ ಕೈಗೆ ಸಿಕ್ಕರೆ ಮುಗಿಯಿತು, ಆಮೇಲೆ ಅವರ ದಿನ ಅವರದಲ್ಲ. ಯಾರಾದರೂ ಫೋನಿನಲ್ಲಿ ಮ್ಯಾಪ್ ತೆಗೆದರೆ, "ಅದನ್ನ ಜೇಬಿಗೆ ಹಾಕ್ರಿ, ನಾನಿಲ್ಲೇನು ಹೇಳಾಕೆ?" ಎಂದು ಗದರುತ್ತಾನೆ. ಸಂತೇಬೆನ್ನೂರು ಪುಷ್ಕರಣಿಗೆ ಬಿಸಿಲೇರುವ ಮೊದಲೇ ಹೋಗಬೇಕು, ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಮಂಟಪದ ನೆರಳು ನೋಡಬೇಕು, ಸೆಲ್ಫಿ ಏನಿದ್ದರೂ ಆಮೇಲೆ. ಮಂಡಕ್ಕಿಯನ್ನು ಜೊತೆಗೆ ಕೊಡುವ ಮೆಣಸಿನಕಾಯಿ ಬಜ್ಜಿ ಬಿಸಿ ಇದ್ದರೆ ಮಾತ್ರ ತಿನ್ನಬೇಕು. ಸೂಳೆಕೆರೆ ಏರಿಯ ಹತ್ತಿರ ಯಾರು ಹುರಿದ ಮೀನು ರುಚಿ ಎಂಬುದನ್ನೂ, ಜನ್ಮದಲ್ಲಿ ಮೀನು ಮುಟ್ಟದ ಈ ಮನುಷ್ಯ ಆಣೆ ಮಾಡಿ ಹೇಳುತ್ತಾನೆ. ಆದರೆ ಎಲ್ಲಿಗೆ ಕಳಿಸಿದರೂ ಅವನ ದಾರಿ ಸುತ್ತಿ ಬಳಸಿ ಒಂದು ಹಳೇ ಹಾಲಿನ ಡೈರಿಯ ಮುಂದೆಯೇ ಹಾಯುತ್ತದೆ. "ಗೋಡೆ ಮ್ಯಾಲೆ ಒಂದು ಎಮ್ಮೆ ಚಿತ್ರ ಐತೆ, ಇಳಿದು ನಿಂತು ನೋಡ್ರಿ." ಸಂಜೆ ಸೈಕಲ್ ವಾಪಸ್ ತಂದವರನ್ನು ಪುಷ್ಕರಣಿ ಹೆಂಗಿತ್ತು, ಮೀನು ಹೆಂಗಿತ್ತು ಎಂದು ಕೇಳುವುದೇ ಇಲ್ಲ. ಚೈನು ಒರೆಸುತ್ತಾ, ಮುಖ ಎತ್ತದೆ, "ಎಮ್ಮೆ ಐತೇನ್ರಿ? ಸುಣ್ಣ ಹೊಡೆದಿಲ್ಲ ತಾನೆ?" ಎನ್ನುತ್ತಾನೆ. ಐತೆ ಅಂದವರಿಗೆ ಟೀ ತರಿಸುತ್ತಾನೆ. ನಾನೂ ಒಮ್ಮೆ ಹೋಗಿ ನೋಡಿದೆ. ಆ ಬೀದಿಯ ಉಳಿದ ಬೋರ್ಡುಗಳೆಲ್ಲ ಫ್ಲೆಕ್ಸ್. ಎಮ್ಮೆಯ ಕಪ್ಪು ಅಲ್ಲಲ್ಲಿ ಉದುರಿತ್ತು, ಕಣ್ಣು ಮಾತ್ರ ಈಗಷ್ಟೇ ನೀರು ಕುಡಿದು ತಲೆ ಎತ್ತಿದ ಹಾಗೆ ಹೊಳೆಯುತ್ತಿತ್ತು. ಅದರ ಗೊರಸಿನ ಕೆಳಗೆ ಸಣ್ಣಕ್ಷರದಲ್ಲಿ 'ಮುರುಗೇಶ್ ಆರ್ಟ್ಸ್, ಚನ್ನಗಿರಿ' ಎಂದಿತ್ತು. ಪಕ್ಕದಲ್ಲಿ ಹಳೇ ಲ್ಯಾಂಡ್‌ಲೈನ್ ಕಾಲದ, ಐದೇ ಅಂಕಿಯ ಒಂದು ಫೋನ್ ನಂಬರ್.